ಪಟ್ಟಿಯಲ್ಲಿಲ್ಲದ ಫೋಲ್ಡರ್

ಊರಿನ ಇತಿಹಾಸ ಸಂಘದ ಅಧ್ಯಕ್ಷ ಟೋರೆ ಪೆನ್ನಿನ ಮುಚ್ಚಳ ತೆಗೆದು ಕೂತಿದ್ದ. ಒಪ್ಪಂದಕ್ಕೆ ಸಹಿ ಬಿದ್ದರೆ ಹನ್ನೊಂದು ಸಾವಿರ ಹಳೆಯ ಫೋಟೊಗಳು ಸ್ಟಾಕ್‌ಹೋಮಿನ ಕಂಪನಿಯೊಂದರ ಪಾಲು. ಆಮೇಲೆ ತಮ್ಮ ಅಜ್ಜಿಯ ಮುಖ ನೋಡಲಿಕ್ಕೂ ಊರಿನವರು ಕಂಪನಿಯ ಅಪ್ಪಣೆ ಕೇಳಬೇಕು. ಅವನ್ನು ಎಂಟು ಚಳಿಗಾಲ ಕೂತು ಸ್ಕ್ಯಾನ್ ಮಾಡಿ ಬೀರುವಿನೊಳಗಿನ ಸರ್ವರ್‌ಗೆ ತುಂಬಿದವಳು ಗುನ್ವೋರ್.

ಹಳೆಯ ಕಂಪ್ಯೂಟರುಗಳನ್ನು ಎಸೆಯಲು ಒಪ್ಪದೆ ಅವಕ್ಕೆ ಪೆಂಗ್ವಿನ್ ಗುರುತಿನ ಪುಕ್ಕಟೆ ಲಿನಕ್ಸ್ ಹಾಕಿಸಿದವಳೂ ಅವಳೇ. ಅಂದಿನಿಂದ ಫೈಲ್ ಮ್ಯಾನೇಜರಿನಲ್ಲಿ ‘ನೆಟ್‌ವರ್ಕ್’ ಒತ್ತಿದರೆ ಬರೀ ಬಿಳಿ ಪರದೆ.

"ನೋಡು, ಖಾಲಿ. ನಿನ್ನ ಪುಕ್ಕಟೆ ಪೆಂಗ್ವಿನ್ ಎಲ್ಲಾ ನುಂಗಿ ನೀರು ಕುಡೀತು. ಕಂಪನಿಯೋರು ಮೂಲ ಫೋಟೊಗಳನ್ನಾದ್ರೂ ಜೋಪಾನ ಮಾಡ್ತಾರೆ," ಎಂದ ಟೋರೆ.

"ಕಾಣಿಸ್ತಿಲ್ಲ, ಅಷ್ಟೆ. ಪೆನ್ನು ಮುಚ್ಚು."

ಗುನ್ವೋರ್ ಟೆಲಿಫೋನ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವಳು. ಡೈರೆಕ್ಟರಿಯಲ್ಲಿ ಹೆಸರು ಹಾಕಿಸದವರ ಮನೆಯಲ್ಲೂ ನಂಬರು ಒತ್ತಿದರೆ ಗಂಟೆ ಬಡಿಯುತ್ತಿತ್ತು. ಈ ಸರ್ವರ್ ಕೂಡ ಹೆಸರು ಕೂಗಿ ಹೇಳುವುದನ್ನು ನಿಲ್ಲಿಸಿತ್ತು, ಜಾಗ ಬಿಟ್ಟಿರಲಿಲ್ಲ. ಅವಳು ಬೀರು ತೆಗೆದು, ಸರ್ವರ್‌ನ ಮೈಗೆ ಅಂಟಿಸಿದ್ದ ಚೀಟಿಯಿಂದ ಅದರ ವಿಳಾಸದ ನಂಬರು ಬರೆದುಕೊಂಡಳು.

"ನೀನು ಸತ್ಮೇಲೆ ಇದನ್ನೆಲ್ಲ ಯಾರಮ್ಮ ಮಾಡೋದು?" ಎಂದ ಟೋರೆ.

"ನೀನು. ಬಾ, ಕೂತ್ಕೊ."

"ನಾನಾ?"

"ಅಧ್ಯಕ್ಷ ಅಲ್ವೇನಯ್ಯ? ಇಲ್ಲಾ ಬರೀ ಸಹಿ ಹಾಕಕ್ಕೆ ಇರೋದಾ?"

ಕಾಫಿ ಬಗ್ಗಿಸುತ್ತಿದ್ದ ಕಾರ್ಯದರ್ಶಿ ಎಬ್ಬಾ ಕಿಸಕ್ಕನೆ ನಕ್ಕಳು. ಟೋರೆ ಕೆಂಪಾಗಿ ಕುರ್ಚಿ ಎಳೆದುಕೊಂಡ.

"ಮೇಲೆ ವಿಳಾಸದ ಜಾಗ ಇದೆಯಲ್ಲ, ಅಲ್ಲಿ ಹೊಡಿ. ಎಸ್, ಎಂ, ಬಿ. ಒಂದರ ಮೇಲೊಂದು ಎರಡು ಚುಕ್ಕೆ. ಎರಡು ಓರೆಗೆರೆ. ಆಮೇಲೆ ಈ ನಂಬರು."

ಅವನು ಒಂದು ಗೆರೆ ಬಿಟ್ಟ. ಪರದೆ ತಪ್ಪೆಂದು ಬೈದಿತು.

"ನೀನೇ ಹೊಡಿಬಾರ್ದಾ?"

"ಇಲ್ಲ." ಅವಳು ಕೈ ಕಟ್ಟಿ ನಿಂತಳು.

ಎರಡನೆಯ ಸಲ ಸರಿಯಾಗಿ ಹೊಡೆದ; ಪಾಸ್‌ವರ್ಡ್ ಕೇಳಿತು. ಅವಳು ಹೇಳಿದಂತೆ ಅದನ್ನೂ ಒಂದೊಂದೇ ಅಕ್ಷರ ಕುಟ್ಟಿದ. ಫೋಲ್ಡರುಗಳು ಸಾಲುಸಾಲಾಗಿ ತುಂಬಿದವು: ಕೆರೆಯ ಮಂಜುಗಡ್ಡೆ ಕೊಯ್ಯುವವರು, ಗರಗಸದ ಮಿಲ್ಲು, ಶಾಲೆಯ ಮಕ್ಕಳು.

"ಈಗ ಇಡೀ ಸರ್ವರ್ ಫೋಲ್ಡರನ್ನ ಎಳೆದು ಎಡಗಡೆ ಪಟ್ಟಿಗೆ ಹಾಕು. ನಾಳೆಯಿಂದ ಒಂದೇ ಕ್ಲಿಕ್ಕು."

ಹಾಕಿದ. ಆದರೂ ಸುಮ್ಮನಾಗಲಿಲ್ಲ. "ನೆಟ್‌ವರ್ಕ್ ಒತ್ತಿದ್ರೆ ಈಗ್ಲೂ ಖಾಲೀನೇ."

"ಹಂಗಾದ್ರೆ ಒತ್ತಬೇಡ."

ಗುನ್ವೋರ್ ಮೇಜಿನ ಮೇಲಿದ್ದ ಒಪ್ಪಂದವನ್ನು ಅವನೆದುರೇ ನಾಲ್ಕಾಗಿ ಹರಿದಳು. ಟೋರೆ ಕೊನೆಗೂ ಪೆನ್ನಿಗೆ ಮುಚ್ಚಳ ಹಾಕಿ ಏಳಹೊರಟ.

"ಇನ್ನೂ ಐದು ಕಂಪ್ಯೂಟರ್ ಇದಾವೆ," ಎಂದಳು ಗುನ್ವೋರ್. "ಏಳಬೇಡ. ಪಕ್ಕದ ಕುರ್ಚಿಗೆ ಜರುಗು."