ಕಂಬಿ ಕೂರುವ ಜಾಗ

"ಕಮಲ ಕೊರಿ ಅಂದ್ರ ಕೆರೀನೂ ಕೊರದೀಯಲ್ಲ ತಂಗಿ," ಎಂದ ಸೊರಟೂರಿನ ಅಂದಾನಪ್ಪ.

ಸಾಗವಾನಿ ಕದದ ಮೇಲೆ ಅರಳಿದ್ದ ಕಮಲದ ಎಸಳುಗಳ ತುಂಬ ಸಣ್ಣ ಸಣ್ಣ ತೆರೆ ಎದ್ದಿದ್ದವು. ರೋಶನಬಿ ಆ ತೆರೆಗಳ ಮೇಲೆ ಬೆರಳಾಡಿಸಿದಳು. ಉಳಿ ಬಿಟ್ಟು ಬೆಟಗೇರಿಯ ಈ ಶೆಡ್ಡಿಗೆ ಕೊರೆಯುವ ಯಂತ್ರ ತಂದ ಮೇಲೆ ಬಂದ ಮೊದಲ ದೊಡ್ಡ ಕೆಲಸ ಇದು. ಇದು ಕೆಟ್ಟರೆ ಯಂತ್ರಕ್ಕೆ ಕಟ್ಟಿಗೆ ಕೊಡುವವರೇ ಇರುವುದಿಲ್ಲ.

"ಸಂಜಿ ತನಕಾ ನೋಡ್ತೇನಿ. ಆಗಲಿಲ್ಲಂದ್ರ ಹುಬ್ಬಳ್ಳಿಗೆ ಒಯ್ತೇನಿ," ಎಂದು ಅವನು ಬಾಗಿಲಲ್ಲೇ ನಿಂತ.

ಅವಳು ಯಂತ್ರದ ಮೇಲಿಂದ ಕದ ಇಳಿಸಿ ಅದನ್ನು ಖಾಲಿ ಓಡಿಸಿದಳು. ಕೊರೆಯುವ ತಲೆ ಎರಡು ಕಂಬಿಗಳ ಮೇಲೆ ಗುರ್ರೆನ್ನುತ್ತ ಹೋಗಿ ಬಂತು. ದಸರಾ ಹಬ್ಬದ ಮೊದಲು ಈ ಸದ್ದು ಇರಲಿಲ್ಲ. ಎಣ್ಣೆ ಬಿಟ್ಟಳು, ಬೋಲ್ಟು ಬಿಗಿದಳು. ಏನೂ ಆಗಲಿಲ್ಲ. ಕೊನೆಗೆ ಕಂಬಿಯೂ ಅದರ ಕೆಳಗಿನ ಚೌಕಟ್ಟೂ ಸೇರುವಲ್ಲಿ ಬೆರಳಿಟ್ಟಳು.

"ಹೇಮಪ್ಪ ಕಾಕಾ, ಇಲ್ಲಿ ಮುಟ್ಟಿ ನೋಡ್ರಿ. ಬುಡ ಸುಮ್ನ ಐತಿ, ಕಂಬಿ ಅಷ್ಟ ನಡಗಾಕತ್ತೈತಿ. ಒಂದಕ್ಕೊಂದು ಕಚ್ಚಿ ಕುಂತಿಲ್ಲ."

ಜೊತೆಗೆ ಕೆಲಸ ಮಾಡುವ ಹೇಮಪ್ಪ ಮುಟ್ಟಿ ನೋಡಿದ. ಅವನ ಮುಖ ಸಣ್ಣದಾಯಿತು.

"ಖಂಡೇನವಮಿಗೆ ಕಂಬಿ ಬಿಚ್ಚಿ ಬುಡಕ್ಕೂ ಬಣ್ಣಾ ಹಚ್ಚೇನವ್ವಾ. ಪೂಜಿ ದಿನ ಕಬ್ಬಿಣ ಬೋಳಾ ಇರಬಾರದಂತ, ಎರಡೆರಡು ಸರ್ತಿ ಬಡದೆ."

"ಮದುಮಗಳಂಗ ಸಿಂಗಾರ ಮಾಡಿ ನಡಗಾಕ ಹಚ್ಚೀರಿ," ಎಂದು ರೋಶನಬಿ ನಕ್ಕುಬಿಟ್ಟಳು.

ಕಂಬಿ ಎತ್ತಿದರೆ ಅಡಿಯಲ್ಲಿ ಹಸಿರು ಬಣ್ಣ, ಬೋಲ್ಟಿನ ತೂತುಗಳ ಸುತ್ತ ಚಕ್ಕೆ ಎದ್ದಿತ್ತು. ಹೇಮಪ್ಪ ಯಾರಿಗೂ ಕೈಹಾಕಲು ಬಿಡಲಿಲ್ಲ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಕಬ್ಬಿಣ ಬೆಳ್ಳಗಾಗುವವರೆಗೆ ತಾನೇ ಉಜ್ಜಿದ.

"ಮುಂದಿನ ವರ್ಷ ಪೂಜಿಗೆ?" ಎಂದು ಮೆಲ್ಲಗೆ ಕೇಳಿದ.

"ಹೊರಗ ಬೇಕಾದ್ದು ಬಡೀರಿ ಕಾಕಾ. ಕಂಬಿ ಕುಂಡ್ರೋ ಜಾಗ ಅಷ್ಟ ಬೋಳಾ ಇರ್ಲಿ."

ಎರಡು ಕಂಬಿಗಳ ನಡುವಿನ ಅಂತರವನ್ನು ಉದ್ದಕ್ಕೂ ಅಳೆದು, ನಡುವಿನಿಂದ ತುದಿಯ ಕಡೆಗೆ ಒಂದೊಂದೇ ಬೋಲ್ಟು ಬಿಗಿದಳು. ಕದ ಏರಿಸಿದಳು. ತೆರೆಗಳಿಗಿಂತ ತುಸು ಆಳಕ್ಕೆ ತಲೆ ಇಳಿಸಿ ಮೊದಲ ಎಸಳು ಮತ್ತೆ ಕೊರೆಸಿ ಪುಡಿ ಊದಿದಳು.

ಅಂದಾನಪ್ಪ ಬಗ್ಗಿ, ಬೆಳಕಿಗೆ ಓರೆಯಾಗಿ ಬಹಳ ಹೊತ್ತು ನೋಡಿದ.

"ಇದರ ಜೋಡಿ ಕದ ಮನ್ಯಾಗೈತಿ. ಈಗ ತರ್ಲೋ, ಮುಂಜಾನಿ ತರ್ಲೋ?"

"ಮುಂಜಾನಿ ತರ್ರಿ. ಈಗ ಚಾ ಕುಡೀರಿ."

ತಲೆ ಎರಡನೆಯ ಎಸಳಿಗೆ ಸರಿಯಿತು. ಅದರ ತೆಳ್ಳನೆಯ ಸದ್ದಿನ ಸಂದಿನಿಂದ, ಗೋಡೆಯಾಚೆಯ ಮನೆಯಲ್ಲಿ ಯಾರೋ ಸೀರೆ ನೇಯುತ್ತಿದ್ದ ಮಗ್ಗದ ಸದ್ದು ಕೇಳತೊಡಗಿತು.