ಎರಡನೇ ಸವಾಲು

ಹೊಲಿಗೆಯ ಶಂಕರಮ್ಮ ಉಯಿಲು ಬರೆಸಿದಾಗ ನಾನಿನ್ನೂ ಸಂತೇಬೆನ್ನೂರಿಗೆ ಬಂದೇ ಇರಲಿಲ್ಲ. ಅದರಲ್ಲಿ ನನ್ನ ಹೆಸರಿಲ್ಲವೆಂದು ಆಕೆಯ ಮೇಲೆ ಸಿಟ್ಟಾಗುವ ಹಾಗಿಲ್ಲ. ಹಿಂದುಮುಂದಿಲ್ಲದ ಜೀವ, ಸತ್ತ ಮೇಲೆ ಸಾಮಾನೆಲ್ಲ ಹರಾಜು ಹಾಕಿ ಹಣವನ್ನು ಶಾಲೆಗೆ ಕೊಡಿ ಎಂದು ಬರೆಸಿದ್ದಳು. ಆಕೆಯ ಕೈಕೆಳಗೆ ಒಂಬತ್ತು ವರ್ಷ ನಾನು ತುಳಿದ ಹೊಲಿಗೆ ಮಿಷನ್ನೂ ಅದರಲ್ಲಿ ಸೇರಿತ್ತು. ಅದು ಹೋದರೆ ನನ್ನ ಅನ್ನವೂ ಹೋದಂತೆ.

ನನ್ನ ಗಂಟಿನಲ್ಲಿದ್ದದ್ದು ನೂರಾ ಎಂಬತ್ತು ರೂಪಾಯಿ. ಬಾಯಿ ಸುಮ್ಮನಿರದೆ ಅದನ್ನು ಊರಿಗೆಲ್ಲ ಹೇಳಿಕೊಂಡಿದ್ದೆ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ, ಆಕೆ ತೀರಿಕೊಂಡ ಮೇಲೆ, ಚನ್ನಗಿರಿ ಕೋರ್ಟಿನ ಅಮೀನರು ಹರಾಜು ನಡೆಸಲು ಬಂದರು. ಶಂಕರಮ್ಮನ ಜಗಲಿಯ ಮೇಲೆ ನಿಂತು ಷರತ್ತುಗಳನ್ನು ಓದಿದರು. ನನಗೆ ಮಿಷನ್ನಿನದೇ ಧ್ಯಾನ, ಒಂದೂ ಕಿವಿಗೆ ಬೀಳಲಿಲ್ಲ.

ಕೊಡ, ತಪ್ಪಲೆ, ಮಂಚ ಎಲ್ಲ ಹೋದವು. ಮಿಷನ್ನಿನ ಸರದಿ ಬಂದಾಗ ನಾನು ನೂರೈವತ್ತು ಎಂದು ಕೂಗಿದೆ. ಜನ ತುಟಿ ಬಿಚ್ಚಲಿಲ್ಲ. ಬಡವಿಯ ಹೊಟ್ಟೆಪಾಡಿನ ಮೇಲೆ ಸವಾಲು ಕೂಗಬಾರದೆಂದು ಎಲ್ಲರೂ ಮೊದಲೇ ಮಾತಾಡಿಕೊಂಡಿದ್ದರಂತೆ.

ಅಮೀನರು ಕಾಗದ ಮಡಚಿದರು. "ಇಬ್ಬರಾದ್ರೂ ಕೂಗಬೇಕು ಅಂತ ಷರತ್ತು ಐತೆ. ಒಬ್ಬರೇ ಕೂಗಿದ್ರೆ ಹರಾಜಲ್ಲ. ಚನ್ನಗಿರಿಗೆ ಒಯ್ದು ಅಲ್ಲೇ ಮಾರ್ತೀವಿ" ಎಂದರು. ಅಲ್ಲಿಯ ಟೈಲರುಗಳು ಮುನ್ನೂರಕ್ಕೆ ಕಮ್ಮಿ ಕೂಗುತ್ತಿರಲಿಲ್ಲ. ಊರಿನ ಒಳ್ಳೆಯತನವೇ ನನ್ನನ್ನು ಮುಳುಗಿಸಿತ್ತು.

ಆಗ ಹಿಂದಿನಿಂದ ಕೆಂಪಕ್ಕ ನೂರಾ ಅರವತ್ತು ಎಂದಳು. ಬಚ್ಚಲ ನೀರಿನ ಜಗಳಕ್ಕೆ ಎರಡು ವರ್ಷದಿಂದ ನನ್ನೊಡನೆ ಮಾತು ಬಿಟ್ಟಿದ್ದ ಪಕ್ಕದ ಮನೆಯವಳು. ನನಗೆ ಮೈಯೆಲ್ಲ ಉರಿದುಹೋಯಿತು. ಎಪ್ಪತ್ತು ಎಂದೆ. ಅವಳು ಎಪ್ಪತ್ತೈದು ಎಂದಳು. ನಾನು ಎಂಬತ್ತು ಎಂದು ಕಿರುಚಿ ಕಣ್ಣು ಮುಚ್ಚಿದೆ. ಅಮೀನರು ಮೂರು ಸಲ ಎಣಿಸಿದರು. ಮತ್ತೆ ಯಾರ ದನಿಯೂ ಕೇಳಲಿಲ್ಲ.

ಮಿಷನ್ನು ನನ್ನದಾದರೂ ಸಿಟ್ಟು ತಣಿಯಲಿಲ್ಲ. ಅವಳನ್ನು ಬಾಗಿಲಲ್ಲೇ ತಡೆದು, ನನ್ನ ಅನ್ನಕ್ಕೆ ಕಲ್ಲು ಹಾಕಲು ಬಂದೆಯಾ ಎಂದು ಬಾಯಿಗೆ ಬಂದಂತೆ ಬೈದೆ.

ಕೆಂಪಕ್ಕ ಪೂರ್ತಿ ಕೇಳಿಸಿಕೊಂಡಳು. "ನಿನ್ ಗಂಟ್ನಾಗೆ ಎಷ್ಟೈತೆ ಅಂತ ಊರಿಗೇ ಗೊತ್ತು. ಅದ್ಕೆ ಎಪ್ಪತ್ತೈದಕ್ಕೆ ನಿಲ್ಲಿಸ್ದೆ. ಎಲ್ರೂ ಒಳ್ಳೇರಾಗಿ ಕುಂತ್ರೆ ಹೆಂಗೆ? ಯಾರಾದ್ರೂ ಒಬ್ರು ಕೆಟ್ಟೋರಾಗ್ಬೇಕಲ್ಲ. ನಿನ್ ಕಣ್ಣಿಗೆ ನಾನು ಹೆಂಗೂ ಆಗೇ ಇದ್ದೆ."

ಅಷ್ಟು ಜನರ ಎದುರಿಗೇ ಅವಳ ಎರಡೂ ಕೈ ಹಿಡಿದು ಅತ್ತುಬಿಟ್ಟೆ.