ಪಾಲು

ನಿರ್ಮಲಾ ಆಟೋದಿಂದ ಇಳಿದದ್ದೇ ತಡ, ಚಟ್ಟ ಕಟ್ಟುತ್ತಿದ್ದ ಎರ್ರಿಸ್ವಾಮಿ ಮುಖ ತಿರುಗಿಸಿಕೊಂಡು ಹಗ್ಗವನ್ನು ಇನ್ನೂ ಬಿಗಿಯಾಗಿ ಎಳೆದ. ಬಿದಿರು ಕಿರ್ರೆಂದಿತು.

"ಲೇ, ಮುರೀತೀಯಾ. ತಂಗಿ ಬಂದವ್ಳೆ, ಮಾತಾಡ್ಸು" ಎಂದರು ಪಕ್ಕದ ಮನೆಯ ಮುರುಗೇಂದ್ರಪ್ಪ.

"ಈಗ್ಯಾಕೆ ಬಂದ್ಲಂತೆ? ಅಪ್ಪ ಹೋದ. ಇನ್ನು ಪಾಲು ಕೇಳಾಕೆ ದಾರಿ ಸಲೀಸಾಯ್ತಲ್ಲ" ಎಂದ, ಅವಳಿಗೂ ಕೇಳಿಸಲೆಂದೇ.

ನಿರ್ಮಲಾ ಅವನನ್ನು ದಾಟಿ ನಡೆದಳು. ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದ ಅಪ್ಪ ನಾಗೇಂದ್ರಪ್ಪನ ಕಾಲು ಹಿಡಿದು, "ಬರಬ್ಯಾಡ ಅಂದ್ನಲ್ಲಪ್ಪ ಅಣ್ಣ, ಒಂದು ಸಲ ಮುಖ ನೋಡಾಕೂ ಬಿಡ್ಲಿಲ್ಲ" ಎಂದು ಗೋಳಾಡಿದಳು. ಅವಳಿದ್ದ ಚಳ್ಳಕೆರೆಯಿಂದ ಈ ಮೊಳಕಾಲ್ಮುರು ಏನು ಕಾಶಿಯೇ? ಒಂದು ಬಸ್ಸಿನ ದಾರಿ. ಆದರೂ ಅಣ್ಣತಂಗಿ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಊರ ಪಕ್ಕದ ಎರಡೆಕರೆಯಲ್ಲಿ ಅವಳು ಪಾಲು ಕೇಳಿದ್ದೇ ಅದಕ್ಕೆ ಕಾರಣ.

* * *

ಲಕ್ವ ಹೊಡೆದ ಮೇಲೆ ನಾಗೇಂದ್ರಪ್ಪನ ಬಾಯಿಂದ ಹೊರಟದ್ದು ಒಂದೇ ಮಾತು. "ಪಾಲು." ಬೆಳಿಗ್ಗೆ ಪಾಲು, ಮಧ್ಯಾಹ್ನ ಪಾಲು. ಎರ್ರಿಸ್ವಾಮಿಗೆ ಮೈಯೆಲ್ಲ ಉರಿಯಿತು. ಫೋನ್ ಮಾಡಿ, "ಅಪ್ಪನ ಕಿವಿ ಕಚ್ಚಿದ್ದೀಯಾ? ಈ ಹೊಸ್ತಿಲು ತುಳಿದ್ರೆ ನೋಡು" ಎಂದು ತಂಗಿಗೆ ಬೈದ. ಐದನೇ ದಿನ ಮುದುಕ ಅವನ ಅಂಗಿಯ ತುದಿ ಹಿಡಿದು ಮತ್ತೆ "ಪಾಲು" ಎಂದಾಗ, ಕೈ ಕಿತ್ತುಕೊಂಡು, "ಸಾಯೋ ಹೊತ್ನಾಗೂ ಅದೇ ಜಪ! ಕೊಡಾಕಿಲ್ಲ, ಹೋಗು!" ಎಂದುಬಿಟ್ಟ. ಮುದುಕ ಮತ್ತೆ ಬಾಯಿ ತೆರೆಯಲಿಲ್ಲ.

ಹೆಂಡತಿ ನಾಗರತ್ನ, "ಗಂಜಿ ಇಳೀತಿಲ್ಲ ಕಣ್ರೀ, ಒಂದಿಷ್ಟು ಹಾಲು ಕುಡಿಸ್ಲಾ?" ಎಂದು ಕೇಳಿದ್ದಳು.

"ಅಪ್ಪಗೆ ಹಾಲು ಒಗ್ಗಾಕಿಲ್ಲ" ಎಂದಿದ್ದ.

ಅದು ಅವನು ಕಟ್ಟಿದ ಮಾತಲ್ಲ. ಅವನೂ ತಂಗಿಯೂ ಚಿಕ್ಕವರಿದ್ದಾಗ ಮನೆಯಲ್ಲಿದ್ದದ್ದು ಒಂದೇ ಎಮ್ಮೆ. ಡೈರಿಗೆ ಹಾಕಿ ಉಳಿದದ್ದನ್ನು ಅಪ್ಪ ಎರಡು ಲೋಟಕ್ಕೆ ಸರಿಸಮ ಸುರಿದು ಮಕ್ಕಳ ಮುಂದಿಡುತ್ತಿದ್ದ. "ನಿಂಗೆ?" ಎಂದರೆ, "ನಂಗೆ ಒಗ್ಗಾಕಿಲ್ಲ ಮಗ, ಹೊಟ್ಟೆ ಕೆಡ್ತೈತೆ" ಎನ್ನುತ್ತಿದ್ದ. ತಾನು ಕರಿ ಚಹಾ ಕುಡಿದು ಹುಲ್ಲಿಗೆ ಹೊರಡುತ್ತಿದ್ದ.

* * *

ಹೊತ್ತು ಇಳಿಯುವಾಗ ರಾಯದುರ್ಗದ ಬಸ್ಸಿಳಿದು ಕರಿಯಕ್ಕ ಬಂದಳು. ನಾಗೇಂದ್ರಪ್ಪನ ಅಕ್ಕ, ಎಂಬತ್ತು ದಾಟಿದವಳು. ತಮ್ಮ ಹತ್ತು ವರ್ಷದವನಿದ್ದಾಗ ಆಂಧ್ರದ ಗಡಿ ದಾಟಿ ಈಚೆ ದನ ಕಾಯಲು ಬಂದವನು, ಕನ್ನಡದವನೇ ಆಗಿಹೋದ. ಅವಳು ಮಾತ್ರ ಆಚೆಯ ತೆಲುಗಿನಲ್ಲೇ ಉಳಿದಿದ್ದಳು, ಈಚೆ ಬಂದಾಗಷ್ಟೇ ಕನ್ನಡ ಆಡುತ್ತಿದ್ದಳು.

"ನಿಮ್ಮ ಸಲುವಾಗೇ ತಡೆದಿದ್ವಿ ಅಕ್ಕಾರೆ. ಬಾಯಿಗೆ ಹಾಲು ಬಿಡ್ರಿ, ಎತ್ತೋಣ" ಎಂದರು ಮುರುಗೇಂದ್ರಪ್ಪ.

ಕರಿಯಕ್ಕ ಲೋಟ ಹಿಡಿದು ಕೂತಳು. ತಮ್ಮನ ಕೆನ್ನೆ ಸವರಿ, "ಪಾಲು ತಾಗು ತಮ್ಮುಡಾ. ಇದಿಗೋ, ಪಾಲು" ಎಂದಳು.

ಎರ್ರಿಸ್ವಾಮಿಯ ಕೈಯಲ್ಲಿದ್ದ ಹಗ್ಗ ಜಾರಿತು. ತೆಲುಗಿನಲ್ಲಿ ಹಾಲಿಗೆ ಪಾಲು ಎನ್ನುತ್ತಾರೆಂಬುದು ಅವನಿಗೆ ತಿಳಿಯದ್ದಲ್ಲ. ಸಂತೆಯಲ್ಲಿ ವಾರವಾರವೂ ಆಡುವ ಮಾತು. ಆದರೆ ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಎಂಟು ತಿಂಗಳಿಂದ ಅವನ ತಲೆಯಲ್ಲಿ ಪಾಲು ಎಂದರೆ ಹೊಲ, ಹೊಲ ಎಂದರೆ ತಂಗಿ.

"ಅತ್ತೆ, ಅಪ್ಪಗೆ ಹಾಲು ಒಗ್ಗುತಿರಲಿಲ್ಲ ಅಲ್ಲಾ?" ಎಂದ. ಹೌದು ಎಂದುಬಿಡಲಿ ಎಂದು ಜೀವ ಹಾತೊರೆಯಿತು.

"ಯಾವನಲೇ ಹಂಗಂದೋನು? ಸಣ್ಣೋನಿದ್ದಾಗ ಬೆಲ್ಲ ಹಾಕಿದ ಬೆಚ್ಚನೆ ಹಾಲು ಕೊಡೋಗಂಟ ಮಲಗ್ತಿರಲಿಲ್ಲ. ನಮ್ಮವ್ವನ ಸೆರಗು ಹಿಡ್ಕಂಡು ಪಾಲು, ಪಾಲು ಅಂತ ಪ್ರಾಣ ತಿಂತಿದ್ದ."

"ಐದು ದಿನ ಹಂಗೇ ಅಂದ ಅತ್ತೆ."

ಮುದುಕಿ ತಲೆಯೆತ್ತಿದಳು. "ಕೊಟ್ರೇನಪ್ಪ?"

ನಾಗರತ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬಾರಲೇ, ನಿನ್ನ ಪಾಲಿಂದು ಬಿಡು. ಹೊತ್ತಾತು" ಎಂದು ಮುರುಗೇಂದ್ರಪ್ಪ ಲೋಟವನ್ನು ಅವನ ಕೈಗಿತ್ತರು.

ಎರ್ರಿಸ್ವಾಮಿ ಬಿಟ್ಟ. ಹಾಲು ಒಳಗೆ ಹೋಗಲಿಲ್ಲ, ಕಟವಾಯಿಯಿಂದ ಕುತ್ತಿಗೆಗೆ ಇಳಿಯಿತು. ಟವೆಲಿನಿಂದ ಒರೆಸಿ ಮತ್ತೆ ಬಿಟ್ಟ. ಮತ್ತೆ ಒರೆಸಿದ. "ಸಾಕು ಬಿಡಲೇ" ಎಂದರೂ ಕೇಳಲಿಲ್ಲ. ಲೋಟ ಬರಿದಾದ ಮೇಲೆ ಅದನ್ನು ತಂಗಿಯ ಕಡೆ ಚಾಚಿದ.

"ತಣ್ಣಗೈತೆ ಕಣೇ ನಿಮ್ಮಿ. ಬೆಚ್ಚಗೆ ಕಾಸ್ಕಂಡು ಬಾ. ಬೆಲ್ಲ ಹಾಕು."

"ಹೆಣ ಇರೋ ಮನ್ಯಾಗೆ ಒಲೆ ಹಚ್ಚಬಾರದು ಕಣಪ್ಪ" ಎಂದರು ಮುರುಗೇಂದ್ರಪ್ಪ, ಮೆಲ್ಲಗೆ.

ನಿರ್ಮಲಾ ಅಣ್ಣನ ಮುಖವನ್ನೇ ಒಂದು ಗಳಿಗೆ ನೋಡಿದಳು. ಲೋಟ ತೆಗೆದುಕೊಂಡು ಒಳಗೆ ಹೋದಳು. ಚಟ್ಟಕ್ಕೆ ಹೆಗಲು ಕೊಡಲು ಬಂದವರು ಕಾದು ನಿಂತರು. ಅಡುಗೆ ಮನೆಯಿಂದ ಗ್ಯಾಸಿನ ಲೈಟರು ಟಿಕ್ ಟಿಕ್ ಎನ್ನುವುದು ಅಂಗಳಕ್ಕೆಲ್ಲ ಕೇಳಿಸಿತು.